ಊಟ ತರಲು ಹೋದವನು

ಅಪ್ಪ ಆರು ತಿಂಗಳಿಗೆಂದು ಕ್ಯಾಲಿಫೋರ್ನಿಯಾಗೆ ಬಂದಿಳಿದ ಸುದ್ದಿಯನ್ನು ಕಳೆದ ಸಲ ಇದೇ ಅಂಕಣದಲ್ಲಿ ಬರೆದಿದ್ದೆ. ಆಮೇಲೇನಾಯ್ತು ಅಂತ ಕೇಳಿದ್ದೀರಿ. ಡಿಸ್ನಿಲ್ಯಾಂಡ್‌ಗೆ ಕರೆದುಕೊಂಡು ಹೋದೆವು, ಕಾಲುನೋವು ಅಂದರು. ಸಮುದ್ರಕ್ಕೆ ಕರೆದುಕೊಂಡು ಹೋದೆವು, ನೀರು ತಣ್ಣಗಿದೆ ಅಂದರು. ಅಂಗಡಿಗಳಿಗೆ ಹೋದರೆ ಪ್ರತಿ ಬೆಲೆಯನ್ನೂ ರೂಪಾಯಿಗೆ ಗುಣಿಸಿ, ಹಣ್ಣನ್ನು ವಾಪಸ್ ಇಟ್ಟುಬಿಡುತ್ತಿದ್ದರು.

ಕೊನೆಗೆ ನನ್ನ ಗಂಡನೇ ಕೇಳಿದ, “ಮಾವ, ಇಲ್ಲಿ ಮರುಭೂಮಿಯಲ್ಲಿ ಪಾಳುಬಿದ್ದ ಒಂದು ಚಿನ್ನದ ಗಣಿ ಇದೆಯಂತೆ. ಹೋಗೋಣ್ವಾ?”

ಅಪ್ಪ ಪೇಪರ್ ಮಡಚಿಟ್ಟರು. “ಎಷ್ಟು ಗಂಟೆಗೆ ಹೊರಡೋದು?”

ಅಪ್ಪ ಕೆ.ಜಿ.ಎಫ್.ನವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಇಪ್ಪತ್ತೈದು ವರ್ಷ ಭೂಮಿಯೊಳಗೆ ಮರ ಕಟ್ಟುವ ಕೆಲಸ ಮಾಡಿದವರು. ಬಂಡೆ ಕುಸಿಯದ ಹಾಗೆ ದಿಮ್ಮಿ ನಿಲ್ಲಿಸುವುದು, ಹಲಗೆ ಹೊಡೆಯುವುದು. ಆ ಇಪ್ಪತ್ತೈದು ವರ್ಷದ ಬಗ್ಗೆ ಅವರು ಮನೆಯಲ್ಲಿ ಆಡಿದ ಮಾತನ್ನೆಲ್ಲ ಒಟ್ಟು ಸೇರಿಸಿದರೆ ಒಂದು ಪುಟ ತುಂಬುವುದು ಕಷ್ಟ.

ನವೆಂಬರ್ ಕೊನೆಯ ಒಂದು ಶನಿವಾರ ಹೊರಟೆವು. ಆರೆಂಜ್ ಕೌಂಟಿಯ ನಮ್ಮ ಮನೆಯಿಂದ ಎರಡೂವರೆ ಗಂಟೆಯ ದಾರಿ. ನಡುವೆ ಬ್ಯಾನಿಂಗ್ ಎಂಬ ಊರಲ್ಲಿ ಕಾಫಿಗೆ ನಿಲ್ಲಿಸಿದೆವು. ಹೆದ್ದಾರಿ, ಪೆಟ್ರೋಲ್ ಬಂಕು, ಬರ್ಗರ್ ಅಂಗಡಿ, ಹಿಂದೆ ಒಣಗಿದ ಬೆಟ್ಟ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಬ್ಯಾನಿಂಗ್ ದಾಟಿದರೆ ಗಾಳಿಯಂತ್ರಗಳ ಕಾಡು. ಎಡಕ್ಕೆ ತಿರುಗಿ ಬೆಟ್ಟ ಹತ್ತಿದರೆ ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್. ಹೆಸರಿಗೆ ಕಾರಣವಾದ ಮರ ನೋಡೋಕೆ ವಿಚಿತ್ರ. ಕೈಗಳನ್ನು ಅಡ್ಡಾದಿಡ್ಡಿ ಎತ್ತಿ ನಿಂತವನ ಹಾಗೆ, ಪ್ರತಿ ಕೈಯ ತುದಿಗೂ ಒಂದು ಮುಳ್ಳಿನ ಗೊಂಚಲು. ಅಪ್ಪ ಕಾರಿನಿಂದ ಇಳಿದು ಒಂದರ ಕಾಂಡವನ್ನು ದಿಟ್ಟಿಸಿ ನೋಡಿದರು. “ಇದು ಮರ ಅಲ್ಲಮ್ಮ. ಕತ್ತಾಳೆ ಜಾತಿ. ಇದರಲ್ಲಿ ದಿಮ್ಮಿ ಆಗಲ್ಲ.” ಸರಿಯಾಗಿಯೇ ಹೇಳಿದ್ದರು. ಇದು ಯುಕ್ಕಾ, ಕತ್ತಾಳೆಯ ದಾಯಾದಿ. ಕಾಂಡದಲ್ಲಿ ವರ್ಷದ ಉಂಗುರಗಳೇ ಇರುವುದಿಲ್ಲ, ಹಾಗಾಗಿ ಕಡಿದು ನೋಡಿದರೂ ವಯಸ್ಸು ಗೊತ್ತಾಗುವುದಿಲ್ಲ.

ಪಾರ್ಕ್ ಒಳಗೆ ನೆಟ್‌ವರ್ಕ್ ಇಲ್ಲವೆಂದೇ ತಿಳಿಯಿರಿ. ಗಣಿಯ ದಾರಿ ಶುರುವಾಗುವಲ್ಲಿ ನೀರೂ ಇಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು, ಒಬ್ಬೊಬ್ಬರಿಗೆ ನಾಲ್ಕು ಲೀಟರಿನಂತೆ ನೀರು ಹೊತ್ತುಕೊಂಡೇ ಹೋಗಬೇಕು. ನಮ್ಮ ಚೀಲದಲ್ಲಿ ಚಿತ್ರಾನ್ನ, ಮೊಸರನ್ನ. ಅಪ್ಪನ ಜೇಬಿನಲ್ಲಿ ಹುರಿಗಡಲೆ, ಬೆಲ್ಲ.

ಗಣಿಯ ಹೆಸರು ಲಾಸ್ಟ್ ಹಾರ್ಸ್. ಕಳೆದುಹೋದ ಕುದುರೆ. 1890ರ ದಶಕದಲ್ಲಿ ಜಾನಿ ಲ್ಯಾಂಗ್ ಎಂಬ ದನ ಮೇಯಿಸುವವನು ಅಪ್ಪನ ಜೊತೆ ಇಲ್ಲಿಗೆ ಬಂದ. ಒಂದು ರಾತ್ರಿ ಅವರ ಕುದುರೆಗಳು ಕಾಣೆಯಾದವು. ಹೆಜ್ಜೆ ಗುರುತು ಹಿಡಿದು ಹೋದರೆ, ಅದು ದನಗಳ್ಳರೆಂದು ಹೆಸರಾಗಿದ್ದ ಮೆಕ್‌ಹೇನಿ ತಂಡದ ಬಿಡಾರ. ‘ನಿನ್ನ ಕುದುರೆ ಇಲ್ಲಿಲ್ಲ, ಜಾಗ ಖಾಲಿ ಮಾಡು’ ಅಂತ ಗದರಿಸಿ ಕಳಿಸಿದರಂತೆ. ವಾಪಸ್ ಬರುವ ದಾರಿಯಲ್ಲಿ ಸಿಕ್ಕವನು ‘ಡಚ್’ ಫ್ರಾಂಕ್ ಡೀಬೋಲ್ಡ್. ಅವನಿಗೆ ಚಿನ್ನದ ಜಾಡು ಸಿಕ್ಕಿತ್ತು, ಆದರೆ ಅದೇ ತಂಡದ ಹೆದರಿಕೆಯಿಂದ ಗಡಿಗಲ್ಲು ನೆಡಲಾಗಿರಲಿಲ್ಲ. ಲ್ಯಾಂಗ್ ಮತ್ತವನ ಅಪ್ಪ 1,000 ಡಾಲರ್ ಕೊಟ್ಟು ಅದರ ಹಕ್ಕು ಕೊಂಡರು. ಒಬ್ಬನೇ ಇದ್ದರೆ ಕೊಂದುಬಿಡುತ್ತಾರೆ ಅಂತ ಲ್ಯಾಂಗ್ ಮೂವರು ಪಾಲುದಾರರನ್ನು ಸೇರಿಸಿಕೊಂಡ. ಈ ಕಥೆಯಲ್ಲಿ ಎಷ್ಟು ಭಾಗ ಲ್ಯಾಂಗ್‌ನ ಬಾಯಿಂದಲೇ ಬಂದದ್ದೋ! ಮುಂದೆ ಅವನ ಬುದ್ಧಿ ನೋಡಿದರೆ ನಿಮಗೂ ಅನುಮಾನ ಬರುತ್ತೆ.

ಹೋಗಿಬರಲು ಒಟ್ಟು ಆರೂವರೆ ಕಿಲೋಮೀಟರ್ ನಡಿಗೆ. ಹಳೆಯ ಬಂಡಿದಾರಿಯೇ ಈಗ ಕಾಲುದಾರಿ. ನೆರಳೆಂಬುದು ಇಲ್ಲ. ಗಾಳಿ ಬಿಟ್ಟರೆ ಸದ್ದೂ ಇಲ್ಲ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಮುಂದೆ ಮುಂದೆ ನಡೆದರು. ಡಿಸ್ನಿಲ್ಯಾಂಡಿನ ಕಾಲುನೋವು ಎಲ್ಲಿ ಹೋಯಿತೋ.

ಒಂದು ತಿರುವು ದಾಟಿದ ಕೂಡಲೇ ಗುಡ್ಡದ ಮೇಲೆ ಮರದ ದೊಡ್ಡ ಚೌಕಟ್ಟು ಕಂಡಿತು. ಹತ್ತು ಸ್ಟ್ಯಾಂಪುಗಳ ಅದಿರು ಕುಟ್ಟುವ ಗಿರಣಿ. ಸುತ್ತ ತಂತಿಬೇಲಿ ಹಾಕಿದ್ದಾರೆ. ಲ್ಯಾಂಗ್‌ನ ಪಾಲುದಾರರಿಂದ ಪಾಲು ಕೊಂಡ ಜೆ.ಡಿ. ರಯಾನ್ ಎಂಬ ಶ್ರೀಮಂತ ಇದನ್ನು ಕೊಲರಾಡೊ ನದಿಯ ಕಡೆಯಿಂದ ಬಿಚ್ಚಿ, ಬಂಡಿಯಲ್ಲಿ ಹೇರಿಸಿಕೊಂಡು ಬಂದು ಇಲ್ಲಿ ನಿಲ್ಲಿಸಿದ.

“ಒನಕೆ ನೋಡಿದ್ದೀಯಲ್ಲ?” ಅಪ್ಪ ಬೇಲಿ ಹಿಡಿದು ನಿಂತು ಹೇಳತೊಡಗಿದರು. “ಇವು ಕಬ್ಬಿಣದ ಒನಕೆ. ಎಂಜಿನ್ ಆ ಅಡ್ಡ ತೊಲೆ ತಿರುಗಿಸುತ್ತೆ, ಅದರಲ್ಲಿರೋ ಕೊಕ್ಕೆ ಒನಕೆಯನ್ನ ಎತ್ತಿ ಬಿಡುತ್ತೆ. ಬಿದ್ದಾಗ ಕೆಳಗಿರೋ ಕಲ್ಲು ಹಿಟ್ಟು. ನಮ್ಮೂರಲ್ಲೂ ಮೊದಲು ಇಂಥವೇ ಇದ್ದಿದ್ದು. ಕ್ಯಾಲಿಫೋರ್ನಿಯಾ ಸ್ಟ್ಯಾಂಪ್ ಅಂತಲೇ ಅದರ ಹೆಸರು. ನಿಮ್ಮ ತಾತ ಹೇಳೋರು, ರಾತ್ರಿಯೆಲ್ಲ ಇದರ ಸದ್ದಲ್ಲೇ ಮಲಗ್ತಿದ್ವಿ, ನಿಂತರೆ ಎಚ್ಚರ ಆಗ್ತಿತ್ತು ಅಂತ.”

ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ ಹೆಸರು ‘ಕ್ಯಾಲಿಫೋರ್ನಿಯಾ’ ನಮ್ಮ ತಾತನ ಬಾಯಲ್ಲೂ ಇತ್ತು ಅಂತ ಅವತ್ತೇ ಗೊತ್ತಾಗಿದ್ದು.

ಹಿಟ್ಟಾದ ಕಲ್ಲಿಗೆ ನೀರು ಬೆರೆಸಿ, ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಕಲ್ಲು ಹರಿದು ಹೋಗುತ್ತದೆ, ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಆ ಮುದ್ದೆಯನ್ನು ಕೆರೆದು ತೆಗೆದು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಕೆರೆದವನ, ಕಾಯಿಸಿದವನ ಮೈಗೆ ಆ ಆವಿ ಏನು ಮಾಡಿತೋ ಯಾರೂ ಲೆಕ್ಕ ಇಟ್ಟಂತಿಲ್ಲ. ಇಟ್ಟಿಗೆ ಗಾತ್ರದ ಗಟ್ಟಿಗಳನ್ನು ಸರಕಿನ ಬಂಡಿಯಲ್ಲಿ ಅಡಗಿಸಿ ವಾರಕ್ಕೊಮ್ಮೆ ಸಾಗಿಸುತ್ತಿದ್ದರು. ಎಲ್ಲಿಗೆ ಗೊತ್ತಾ? ಬ್ಯಾನಿಂಗ್‌ಗೆ! ನಾವು ಕಾಫಿ ಕುಡಿದ ಊರಿಗೆ. ಹೋಗಿಬರಲು ಸುಮಾರು 130 ಮೈಲಿ, ಐದು ದಿನ. ನಮಗೆ ಬೆಳಗ್ಗೆ ಅಲ್ಲಿಂದ ಬರೋಕೆ ಹಿಡಿದದ್ದು ಒಂದು ಗಂಟೆ ಚಿಲ್ಲರೆ.

ಈಗ ಪಾರ್ಕ್ ಆಗಿರುವ ಈ ನೆಲದಲ್ಲಿ ಸುಮಾರು 300 ಗಣಿ ತೋಡಿದ್ದರು. ಹೆಚ್ಚಿನವು ತೋಡಿದವರ ಕೂಲಿಯನ್ನೂ ಹುಟ್ಟಿಸಲಿಲ್ಲ. ಗೆದ್ದ ಕೆಲವೇ ಗಣಿಗಳಲ್ಲಿ ಲಾಸ್ಟ್ ಹಾರ್ಸ್ ಒಂದು. 10,000 ಔನ್ಸ್‌ಗೂ ಹೆಚ್ಚು ಚಿನ್ನ ಕೊಟ್ಟಿದೆ, ಅಂದರೆ 300 ಕಿಲೋ ದಾಟುತ್ತದೆ. ಗಣಿಬಾವಿಯ ಆಳ ಸುಮಾರು 500 ಅಡಿ.

“ಐನೂರು ಅಡಿನಾ?” ಅಪ್ಪ ನಕ್ಕರು. ಅವರ ಗಣಿ ಮೂರು ಕಿಲೋಮೀಟರಿಗಿಂತ ಆಳ.

ಆದರೆ ಅಪ್ಪ ಹೆಚ್ಚು ಹೊತ್ತು ನೋಡಿದ್ದು ಗಿರಣಿಯನ್ನಲ್ಲ, ಅದರ ಹಿಂದಿನ ಗುಡ್ಡಗಳನ್ನು. “ಇಷ್ಟೆತ್ತರದಲ್ಲಿ ಮರ ಇರಬೇಕಲ್ಲ? ಆಚೆ ಕಡೆ ಇದೆ, ಈ ಕಡೆ ಯಾಕಿಲ್ಲ?”

ಉತ್ತರ ನನ್ನ ಫೋನಿನಲ್ಲಿ ಸೇವ್ ಆಗಿತ್ತು. ಗಿರಣಿ ನಡೆದದ್ದು ಉಗಿಯಲ್ಲಿ. ಉಗಿಗೆ ನೀರು ಬೇಕು, ಬೆಂಕಿ ಬೇಕು. ನೀರನ್ನು ಮೂರೂವರೆ ಮೈಲಿ ದೂರದ ರಯಾನ್‌ನ ತೋಟದ ಬಾವಿಗಳಿಂದ ಎರಡಂಗುಲದ ಪೈಪಿನಲ್ಲಿ ತಂದರು. ಪಂಪಿಗೂ ಉಗಿ, ಗಿರಣಿಗೂ ಉಗಿ. ಬೆಂಕಿಗೆ ಸುತ್ತಲಿನ ಗುಡ್ಡಗಳ ಮರ. ಸುಮಾರು ಹತ್ತು ವರ್ಷ ಹಗಲು ರಾತ್ರಿ ಸುಟ್ಟರು. ನಿಂತು 120 ವರ್ಷ ಆದರೂ ಗುಡ್ಡ ತುಂಬಿಕೊಂಡಿಲ್ಲ. ಮರುಭೂಮಿಯಲ್ಲಿ ಕಡಿದದ್ದು ಸುಲಭಕ್ಕೆ ವಾಪಸ್ ಬರುವುದಿಲ್ಲ.

“ನಮಗೆ ಕರೆಂಟು ಬಂತು ನೋಡು,” ಅಪ್ಪ ಅಂದರು. ನಮ್ಮೂರಿನವರಿಗೆ ಬಾಯಿಪಾಠದ ವಿಷಯ ಇದು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ತೆಗೆದ ವಿದ್ಯುತ್ತು 147 ಕಿಲೋಮೀಟರ್ ತಂತಿಯಲ್ಲಿ ಕೆ.ಜಿ.ಎಫ್.ಗೆ ಬಂತು. ಅಲ್ಲೂ ಅದಕ್ಕೆ ಮೊದಲು ಉಗಿ ಎಂಜಿನ್ನುಗಳೇ. ಅದೇ ವರ್ಷ ಇಲ್ಲಿ, ಇದೇ ಗುಡ್ಡದ ಮೇಲೆ, ಯಾರೋ ಕೊಡಲಿ ಹಿಡಿದು ಮರ ಹುಡುಕುತ್ತಾ ಇನ್ನೂ ಸ್ವಲ್ಪ ದೂರ ಹೋಗುತ್ತಿದ್ದ. ಹಾಗಂತ ನಮ್ಮೂರು ಏನೂ ಉಳಿಸಿಕೊಂಡಿತು ಅಂತಲ್ಲ. ನಮ್ಮ ಸಯನೈಡ್ ಗುಡ್ಡಗಳ ಮೇಲೂ ಹುಲ್ಲು ಹುಟ್ಟೋಕೆ ಯೋಚನೆ ಮಾಡುತ್ತೆ. ಬೇಸಿಗೆ ಗಾಳಿಗೆ ಅದರ ಧೂಳು ಒಣಹಾಕಿದ ಬಟ್ಟೆಯ ಮೇಲೆ ಕೂತಿದ್ದನ್ನು ಕೊಡವಿಯೇ ನಾನು ಬೆಳೆದದ್ದು.

ಗಿರಣಿಯಿಂದ ಸ್ವಲ್ಪ ಮುಂದೆ ಹೋಗಿ ಕೂತು ಚಿತ್ರಾನ್ನ ತಿಂದೆವು. ಅಲ್ಲೇ ಇಳಿಜಾರಿನಲ್ಲಿ, ದಾರಿಯಿಂದ ಒಂದಿಪ್ಪತ್ತು ಹೆಜ್ಜೆ ಆಚೆ, ಬಂಡೆಯಲ್ಲಿ ಒಂದು ತೂತು ಕಂಡಿತು. ಮನುಷ್ಯ ಬಗ್ಗಿ ಹೋಗುವಷ್ಟು. ಮುಂದೆ ಜೋತುಬಿದ್ದ ತಂತಿ. ಗಣಿಗಳೊಳಗೆ ಹೋಗಬಾರದು ಅಂತ ಪಾರ್ಕ್‌ನವರ ನಿಯಮ. ನನ್ನ ಗಂಡನಿಗೆ ಗೊತ್ತಿತ್ತು. ಆದರೂ ಫೋನಿನ ಟಾರ್ಚ್ ಹಾಕಿಕೊಂಡು ಎದ್ದ. “ಒಂದೇ ಒಂದು ವಿಡಿಯೊ. ಎರಡು ಹೆಜ್ಜೆ ಒಳಗೆ, ಅಷ್ಟೇ.”

ತಂತಿ ಎತ್ತಿ ತಲೆ ಬಗ್ಗಿಸಿದ್ದನೋ ಇಲ್ಲವೋ.

“ಏಯ್! ನಿಲ್ಲೋ!”

ನನ್ನ ಅಪ್ಪ ಅಳಿಯನನ್ನು ಮದುವೆಯಾದ ದಿನದಿಂದ ‘ನೀವು, ತಾವು’ ಅಂತಲೇ ಮಾತಾಡಿಸುವವರು. ಆ ಕೂಗಿಗೆ ನನ್ನ ಕೈಯಲ್ಲಿದ್ದ ಡಬ್ಬಿ ಬಿತ್ತು. ಗಂಡ ನಿಂತಲ್ಲೇ ಕಲ್ಲಾದ. ಅಪ್ಪ ಇಳಿಜಾರಿನಲ್ಲಿ ಜಾರುತ್ತಲೇ ಹೋಗಿ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಒಂದು ಕಲ್ಲು ತೆಗೆದುಕೊಂಡು ತೂತಿನ ಒಳಗೆ, ಎರಡು ಮೂರು ಹೆಜ್ಜೆ ದೂರಕ್ಕೆ, ಎಸೆದರು. ಅಲ್ಲಿ ಮಣ್ಣು ಮುಚ್ಚಿದ ನೆಲದ ಹಾಗೆ ಕಾಣುತ್ತಿತ್ತು. ಕಲ್ಲು ಬಿದ್ದಾಗ ಟೊಳ್ಳು ಸದ್ದು ಬಂತು. ಹಲಗೆ.

“ಕೆಳಗೆ ಬಾವಿ ಇರುತ್ತೆ. ಮೇಲೆ ಹಲಗೆ ಹಾಸಿ ಓಡಾಡಿರ್ತಾರೆ. ನೂರು ವರ್ಷದ ಹಲಗೆ ನಿಮ್ಮ ತೂಕ ತಡೆಯುತ್ತಾ?” ಮತ್ತೆ ‘ನೀವು’ ಬಂದಿತ್ತು, ಧ್ವನಿ ಮಾತ್ರ ನಡುಗುತ್ತಿತ್ತು. “ಹಲಗೆ ತಡೆದರೂ ಗಾಳಿ ಇರಲ್ಲ. ಒಳಗಿರೋ ಮರ ಕೊಳೀತಾ ಗಾಳಿ ತಿಂದುಬಿಟ್ಟಿರುತ್ತೆ. ವಾಸನೆ ಬರಲ್ಲ, ಕೆಮ್ಮು ಬರಲ್ಲ. ಎರಡು ಉಸಿರು, ಕಾಲು ಮಡಚಿಕೊಳ್ಳುತ್ತೆ. ಬಿದ್ದೋನನ್ನ ಎತ್ತೋಕೆ ಹೋದೋನೂ ಬೀಳ್ತಾನೆ.”

ಕೊನೆಯ ವಾಕ್ಯ ಹೇಳಿ ಅಲ್ಲೇ ಕೂತರು. ನೀರು ಕೊಟ್ಟೆ. ಕುಡಿದು, ಬಾಟಲಿಯ ಮುಚ್ಚಳ ತಿರುಗಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು.

ಗಣಿ ಮುಚ್ಚಿ ಒಂದೆರಡು ವರ್ಷ ಆಗಿತ್ತು. ನಮ್ಮ ಲೈನಿನ ಒಬ್ಬ ಹುಡುಗ ತಾಮ್ರದ ತಂತಿ ಸಿಗುತ್ತೆ ಅಂತ ಹಳೆಯ ಶಾಫ್ಟ್ ಒಂದಕ್ಕೆ ಇಳಿದ. ಮೇಲೆ ಬರಲಿಲ್ಲ. ನೋಡೋಕೆ ಅವನ ಗೆಳೆಯ ಇಳಿದ. ಅವನೂ ಬರಲಿಲ್ಲ. ಜನ ಸೇರಿದರು. ಅಪ್ಪ ಓಡಿ ಹೋದಾಗ ಆ ಹುಡುಗನ ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೂರನೆಯವನಾಗಿ ಇಳಿಯೋಕೆ ನಿಂತಿದ್ದ. ಅಲ್ಲಿದ್ದವರಲ್ಲಿ ಒಳಗಿನ ಗಾಳಿಯ ವಿಷಯ ಗೊತ್ತಿದ್ದವರು ಅಪ್ಪ ಒಬ್ಬರೇ. ಹಗ್ಗ ಹಿಡಿದವರು ಬಿಡಲಿಲ್ಲ. “ಅವರಮ್ಮ ನನ್ನ ಕಾಲು ಹಿಡಿದಳು. ಬಿಡಿ, ಅವನು ಹೋಗಿ ಅಣ್ಣನ್ನ ಕರ್ಕೊಂಡು ಬರ್ತಾನೆ ಅಂತ. ಬಿಡಲಿಲ್ಲ ನಾನು. ಗಾಳಿ ಮಾಸ್ಕ್ ಹಾಕಿಕೊಂಡೋರು ಬರೋವರೆಗೂ ಬಿಡಲಿಲ್ಲ. ಅಷ್ಟೊತ್ತಿಗೆ ಇಬ್ಬರೂ ಮುಗಿದಿದ್ರು. ನೀನು ಬಿಟ್ಟಿದ್ರೆ ಬದುಕ್ತಿದ್ದ ಅಂತ ಅವಳ ಮನಸ್ಸಲ್ಲಿ. ಇವತ್ತಿಗೂ ಮಾತಾಡಲ್ಲ.”

ಯಾರ ಮನೆ ಅಂತ ನನಗೆ ಹೇಳಬೇಕಾಗಿರಲಿಲ್ಲ. ನಾನು ಆಗ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ, ಪ್ರತಿ ಹಬ್ಬಕ್ಕೂ ಕೊಳುಕಟ್ಟೆ ತಂದುಕೊಡುತ್ತಿದ್ದ ಆಂಟಿ ಯಾಕೆ ಬರಲ್ಲ ಅಂತ ಕೇಳಿದ್ದಕ್ಕೆ ಅಮ್ಮ “ಚೀಟಿ ದುಡ್ಡಿಗೆ ಏನೋ ಮನಸ್ತಾಪ” ಅಂದಿದ್ದಳು. ಅಷ್ಟು ವರ್ಷ ನಾನು ಆಂಟಿಯ ಜಿಪುಣತನದ ಬಗ್ಗೆ ಮನಸ್ಸಲ್ಲೇ ಬೈದುಕೊಂಡಿದ್ದೆ.

ಟ್ರೆಕ್ಕಿಂಗ್ ಹುಚ್ಚಿನ ಗೆಳೆಯರು ನಿಮ್ಮಲ್ಲೂ ಇರುತ್ತಾರೆ. ಪಾಳು ಗಣಿಯೊಳಗಿನ ರೀಲ್ಸ್ ಅವರು ಕಳಿಸಿದರೆ ಅಪ್ಪ ಎಸೆದ ಆ ಕಲ್ಲಿನ ಸದ್ದು ಹೇಳಿ.

ವಾಪಸ್ ಇಳಿಯುವಾಗ ಯಾರೂ ಹೆಚ್ಚು ಮಾತಾಡಲಿಲ್ಲ. ನಡುವೆ ಅಪ್ಪನೇ ಕೇಳಿದರು, “ಆ ಕುದುರೆಯವನು ಏನಾದ?”

ಹೇಳಿದೆ. ರಯಾನ್ ಒಂದು ವಿಷಯ ಗಮನಿಸಿದ. ಹಗಲು ಪಾಳಿಯಲ್ಲಿ ಬೇಸ್‌ಬಾಲ್ ಗಾತ್ರದ ಪಾದರಸದ ಮುದ್ದೆ ಸಿಕ್ಕರೆ, ಲ್ಯಾಂಗ್ ನೋಡಿಕೊಳ್ಳುವ ರಾತ್ರಿ ಪಾಳಿಯಲ್ಲಿ ಗಾಲ್ಫ್ ಚೆಂಡಿನಷ್ಟು. ವಿಚಾರಿಸಿದಾಗ ಗೊತ್ತಾಯಿತು, ತಗಡಿನಿಂದ ಕೆರೆದದ್ದರಲ್ಲಿ ಒಂದು ಪಾಲು ಲ್ಯಾಂಗ್‌ನ ಜೇಬಿಗೆ. ಪಾಲು ಮಾರಿ ಹೋಗ್ತೀಯೋ, ಜೈಲಿಗೆ ಹೋಗ್ತೀಯೋ ಅಂದ. ಲ್ಯಾಂಗ್ ಮಾರಿ ಹೋದ, ಆದರೆ ದೂರ ಹೋಗಲಿಲ್ಲ. ಪಕ್ಕದ ಕಣಿವೆಯಲ್ಲೇ ಚಿನ್ನ ಹುಡುಕುತ್ತಾ ಉಳಿದ.

1905ರಲ್ಲಿ ಗಣಿಯವರಿಗೆ ನೆಲದೊಳಗಿನ ಬಿರುಕು ಎದುರಾಯಿತು. ಯಾವುದೋ ಕಾಲದಲ್ಲಿ ಬಂಡೆಯೇ ಸೀಳಿ ಜರುಗಿದ ಜಾಗ. ಚಿನ್ನದ ಪದರ ಅಲ್ಲಿಗೆ ಚಾಕುವಿನಲ್ಲಿ ಕುಯ್ದ ಹಾಗೆ ನಿಂತುಹೋಯಿತು. ಆಚೆ ಬದಿ ಎಲ್ಲಿಗೆ ಜರುಗಿದೆಯೋ ಸಿಗಲೇ ಇಲ್ಲ. “ರೀಫ್ ತಪ್ತು,” ಅಂದರು ಅಪ್ಪ, ನೆಂಟರ ಮನೆಯ ಸಾವಿನ ಸುದ್ದಿ ಕೇಳಿದವರ ಹಾಗೆ. 1931ರಲ್ಲಿ ರಯಾನ್ ಕುಟುಂಬದವರು 600 ಟನ್ ಹಳೆಯ ಪುಡಿಯನ್ನು ಸಯನೈಡಿನಲ್ಲಿ ತೊಳೆದು ಕೆಲವು ನೂರು ಔನ್ಸ್ ತೆಗೆದರು. ಅಲ್ಲಿಗೆ ಮುಗಿಯಿತು.

ಗಣಿ ಪಾಳುಬಿದ್ದ ಮೇಲೆ ಲ್ಯಾಂಗ್ ವಾಪಸ್ ಬಂದು ಅಲ್ಲಿನ ಅಡುಗೆಮನೆಯಲ್ಲಿ ಒಬ್ಬನೇ ಇದ್ದ. ಹಿಂದೆ ಕದ್ದು ಹೂತಿಟ್ಟ ಚಿನ್ನವನ್ನೇ ಸ್ವಲ್ಪ ಸ್ವಲ್ಪ ಅಗೆದು ಮಾರುತ್ತಿದ್ದ ಅಂತ ಜನರ ನಂಬಿಕೆ. 1925ರ ಚಳಿಗಾಲದಲ್ಲಿ, ವಯಸ್ಸಾಗಿ, ಹಸಿದು ಸೊರಗಿದ್ದವನು, ಊಟದ ಸಾಮಾನು ತರೋಕೆ ಹೋಗ್ತಿದ್ದೀನಿ, ಬೇಗ ಬರ್ತೀನಿ ಅಂತ ಬಾಗಿಲಿಗೆ ಚೀಟಿ ಅಂಟಿಸಿ ಹೊರಟನಂತೆ. ಎರಡು ತಿಂಗಳ ಮೇಲೆ ಬಿಲ್ ಕೀಸ್ ಎಂಬ ಅಲ್ಲಿನ ರೈತನಿಗೆ ದಾರಿಬದಿಯಲ್ಲಿ ಅವನ ಒಣಗಿದ ದೇಹ ಸಿಕ್ಕಿತು. ಸಿಕ್ಕಲ್ಲೇ ಮಣ್ಣು ಮಾಡಿದ.

ಆ ಸಮಾಧಿ ಗಣಿಯ ತಿರುವಿನ ಹತ್ತಿರ ಟಾರು ರಸ್ತೆಯ ಪಕ್ಕದಲ್ಲೇ ಇದೆ. ಕಾರು ನಿಲ್ಲಿಸಿದೆವು. ಅಪ್ಪ ಸ್ವಲ್ಪ ಹೊತ್ತು ನಿಂತರು. ಜೇಬಿಗೆ ಕೈ ಹಾಕಿ ಹುರಿಗಡಲೆ ತೆಗೆದರು. ಇಲ್ಲಿ ಏನೂ ಹಾಕಬಾರದಪ್ಪಾ, ಪ್ರಾಣಿಗಳು ಬರ್ತವೆ ಅಂತ ನಾನು ಹೇಳುವ ಮೊದಲೇ ಅದನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಬಹುಶಃ ಮೊದಲಿಂದಲೂ ಅದೇ ಉದ್ದೇಶವಿತ್ತೇನೋ, ಕೇಳಲಿಲ್ಲ.

ಊರಿನ ಹತ್ತಿರ ಬಂದ ಮೇಲೆ ನೆಟ್‌ವರ್ಕ್ ಸಿಕ್ಕಿತು. ಅಪ್ಪ ಹಿಂದಿನ ಸೀಟಿನಲ್ಲಿ ಕೂತು ಗಿರಣಿಯ ಫೋಟೊವನ್ನು ತಮ್ಮ ಕೆ.ಜಿ.ಎಫ್. ವಾಟ್ಸಾಪ್ ಗುಂಪಿಗೆ ಹಾಕಿದರು. ‘ಅಮೆರಿಕದ ಗಣಿ. ಆಳ 500 ಅಡಿ.’ ಇಲ್ಲಿ ಸಂಜೆ ನಾಲ್ಕು, ಅಲ್ಲಿ ಬೆಳಗಿನ ಜಾವ ಐದೂವರೆ. ಯಾರು ಎದ್ದಿರ್ತಾರೆ ಅಂದುಕೊಂಡೆ. ಎರಡೇ ನಿಮಿಷಕ್ಕೆ ಟಿಂಗ್ ಅಂತು. ಅಪ್ಪ ಜೋರಾಗಿ ನಕ್ಕರು. ಅಮೆರಿಕಕ್ಕೆ ಬಂದಮೇಲೆ ಮೊದಲ ಸಲ.

ಫೋನು ನನ್ನ ಕೈಗೆ ಕೊಟ್ಟರು. ತಮಿಳಿನಲ್ಲಿ ಧ್ವನಿ ಸಂದೇಶ, ಹಿಂದೆ ರೈಲಿನ ಸದ್ದು. “ಐನೂರು ಅಡಿನಾ ಮಾಮಾ? ಅದು ಗಣಿ ಅಲ್ಲ, ಬಾವಿ. ನೀರು ಬರುತ್ತಾ ಕೇಳಿ.”

“ಯಾರಪ್ಪಾ ಇದು?”

“ಅವನೇ ಕಣಮ್ಮ. ಸೊಂಟಕ್ಕೆ ಹಗ್ಗ ಕಟ್ಕೊಂಡು ನಿಂತಿದ್ನಲ್ಲ, ತಮ್ಮ. ಬೆಂಗಳೂರಲ್ಲಿ ಕೆಲಸ. ಬೆಳಗ್ಗೆ ಮಾರಿಕುಪ್ಪಂ ರೈಲಿಗೆ ಹೋಗ್ತಾನೆ, ರಾತ್ರಿ ವಾಪಸ್.”

ಅಪ್ಪ ಫೋನು ಜೇಬಿಗಿಟ್ಟುಕೊಂಡು ಮುಂದಿನ ಸೀಟಿನ ಕಡೆ ಬಗ್ಗಿದರು. “ಅಳಿಯಂದ್ರೇ, ಆ ಬ್ಯಾನಿಂಗ್‌ನಲ್ಲಿ ಇನ್ನೊಂದು ಸಲ ನಿಲ್ಲಿಸ್ತೀರಾ? ಬೆಳಗ್ಗೆ ಸರಿಯಾಗಿ ನೋಡ್ಲಿಲ್ಲ.”

“ಮಾವ, ‘ನಿಲ್ಸೋ’ ಅನ್ನಿ, ನಿಲ್ಲಿಸ್ತೀನಿ,” ಅಂದ ಇವನು.